ಹಿತ್ತಲ ಕೋಳಿ ಮರಿಗಳಲ್ಲಿ ಹುಂಜ ಯಾವುದು, ಹ್ಯಾಟೆ ಯಾವುದು?

ಕಾವಿಗೆ ಕೂತ ಕೋಳಿ 21ನೇ ದಿನದ ಹೊತ್ತಿಗೆ ಮರಿ ಮಾಡುತ್ತದೆ. ಮರಿಗಳ ಮೈ ಒಣಗುವ ಮೊದಲೇ ಮನೆಯಲ್ಲಿ ಪ್ರಶ್ನೆ ಶುರು. ಇದರಲ್ಲಿ ಹ್ಯಾಟೆ ಎಷ್ಟು, ಹುಂಜ ಎಷ್ಟು? ಮೊಟ್ಟೆಗಾಗಿ ಸಾಕುವವರಿಗೆ ಹ್ಯಾಟೆ ಬೇಕು. ಹರಕೆಗೆ, ಹಬ್ಬಕ್ಕೆ, ಮಾರಾಟಕ್ಕೆ ಸಾಕುವವರಿಗೆ ಹುಂಜ ಬೇಕು. ನಾಲ್ಕು ಮರಿಯನ್ನು ತಂಗಿಯ ಮನೆಗೆ ಕೊಡಬೇಕು ಅಂತಿದ್ದರೆ, ಯಾವ ನಾಲ್ಕು ಎಂದು ಈಗಲೇ ಗೊತ್ತಾದರೆ ಚೆನ್ನ ಅಲ್ವಾ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಿಶ್ರ ರಕ್ತದ ನಮ್ಮ ನಾಟಿ ಕೋಳಿಗಳಲ್ಲಿ ಮೊದಲ ಮೂರು ನಾಲ್ಕು ವಾರ ಕಣ್ಣಿನಿಂದ ನೋಡಿ ಖಚಿತವಾಗಿ ಹೇಳಲು ಸಾಧ್ಯವಿಲ್ಲ. ಆರರಿಂದ ಎಂಟು ವಾರದ ಹೊತ್ತಿಗೆ ಬಹುಪಾಲು ಮರಿಗಳನ್ನು ಗುರುತಿಸಬಹುದು. ಮೂರೂವರೆ ತಿಂಗಳಿಗೆ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ. ಹಾಗಾದರೆ ಹ್ಯಾಚರಿಯವರು ಒಂದು ದಿನದ ಮರಿಯನ್ನು ಬೇರೆ ಮಾಡುವುದು ಹೇಗೆ? ರೆಕ್ಕೆ ಬಿಡಿಸಿ ನೋಡಿ ಹೇಳುವ ವಿಡಿಯೋಗಳೆಲ್ಲ ಸುಳ್ಳಾ? ಸುಳ್ಳಲ್ಲ. ಆದರೆ ಅಂಥ ಪ್ರತಿ ಉಪಾಯಕ್ಕೂ ಒಂದು ಷರತ್ತಿದೆ. ಆ ಷರತ್ತನ್ನು ಯಾರೂ ಹೇಳುವುದಿಲ್ಲ. ಅದಕ್ಕೇ ಜನ ಮೋಸ ಹೋಗುತ್ತಾರೆ.

ಮರಿಗಳೆಲ್ಲ ಒಂದೇ ಥರ ಕಾಣುವುದು ಯಾಕೆ

ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ಕಡೆಯಿಂದ ಬರುವ ಕ್ರೋಮೋಸೋಮಿನ ಮೇಲೆ ನಿಂತಿದೆ. ಕೋಳಿಗಳಲ್ಲಿ ಇದು ತಿರುವುಮುರುವು. ಹುಂಜದಲ್ಲಿ ಎರಡು ಝಡ್ ಕ್ರೋಮೋಸೋಮ್ ಇರುತ್ತವೆ. ಹ್ಯಾಟೆಯಲ್ಲಿ ಒಂದು ಝಡ್, ಒಂದು ಡಬ್ಲ್ಯೂ. ಹ್ಯಾಟೆ ಮೊಟ್ಟೆಗೆ ತನ್ನ ಝಡ್ ಕೊಟ್ಟರೆ ಮರಿ ಹುಂಜ, ಡಬ್ಲ್ಯೂ ಕೊಟ್ಟರೆ ಹ್ಯಾಟೆ. ಅಂದರೆ ನಿರ್ಧಾರವಾಗುವುದು ತಾಯಿಯ ಕಡೆಯಿಂದ, ಮೊಟ್ಟೆಗೆ ಚಿಪ್ಪು ಬರುವುದಕ್ಕೂ ಮುಂಚೆ. ಆಮೇಲೆ ಕಾವಿನ ಶಾಖ ಹೆಚ್ಚಾದರೂ ಕಡಿಮೆಯಾದರೂ, ಮೊಟ್ಟೆ ಅಮಾವಾಸ್ಯೆಗೆ ಇಟ್ಟರೂ ಹುಣ್ಣಿಮೆಗೆ ಇಟ್ಟರೂ ಹೆಣ್ಣು ಮರಿ ಗಂಡಾಗುವುದಿಲ್ಲ.

ಹಾಗಿದ್ದರೂ ಹುಟ್ಟಿದ ಮರಿಯ ಹೊರಮೈಯಲ್ಲಿ ಗುರುತು ಇಲ್ಲ. ಹುಂಜ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವ ಕೆಂಪು ಜುಟ್ಟು, ಗದ್ದದ ಕೆಳಗಿನ ಜೋಲು, ಕೂಗು, ಜಗಳಗಂಟಿತನ ಇವೆಲ್ಲ ವೃಷಣದ ಹಾರ್ಮೋನಿನಿಂದ ಬರುತ್ತವೆ. ಇದನ್ನು ತೋರಿಸಿಕೊಟ್ಟವನು ಜರ್ಮನಿಯ ಗಟಿಂಗೆನ್‌ನಲ್ಲಿದ್ದ ಅರ್ನಾಲ್ಡ್ ಬೆರ್ಟ್‌ಹೋಲ್ಡ್. 1849ರಲ್ಲಿ ಅವನು ಎಳೆ ಹುಂಜಗಳ ವೃಷಣ ತೆಗೆದ. ಅವುಗಳ ಜುಟ್ಟು ಬೆಳೆಯಲಿಲ್ಲ, ಅವು ಕೂಗಲಿಲ್ಲ, ಜಗಳಕ್ಕೂ ಹೋಗಲಿಲ್ಲ. ಇನ್ನು ಕೆಲವಕ್ಕೆ ತೆಗೆದ ವೃಷಣವನ್ನು ಹೊಟ್ಟೆಯೊಳಗೆ ಬೇರೆ ಕಡೆ ಸೇರಿಸಿದ. ಅವು ಎಂದಿನಂತೆ ಹುಂಜಗಳಾಗಿಯೇ ಬೆಳೆದವು. ದೇಹದ ಒಂದು ಭಾಗ ರಕ್ತದ ಮೂಲಕ ಇನ್ನೊಂದು ಭಾಗಕ್ಕೆ ಸಂದೇಶ ಕಳಿಸುತ್ತದೆ ಎಂಬುದಕ್ಕೆ ಸಿಕ್ಕ ಮೊದಮೊದಲ ಪುರಾವೆಗಳಲ್ಲಿ ಇದೂ ಒಂದು. ಹಾರ್ಮೋನ್ ಎಂಬ ಹೆಸರು ಹುಟ್ಟಿದ್ದೇ ಅದಾಗಿ ಅರ್ಧ ಶತಮಾನದ ನಂತರ.

ಗರಿಯ ಕಥೆ ಇನ್ನೂ ಸೋಜಿಗ. ಹುಂಜದ ಉದ್ದನೆಯ ಮಿರುಗುವ ಗರಿಗೆ ಗಂಡು ಹಾರ್ಮೋನ್ ಕಾರಣ ಅಂದುಕೊಳ್ಳುತ್ತೇವೆ. ನಿಜ ಏನೆಂದರೆ ಹ್ಯಾಟೆಯ ಗಿಡ್ಡ, ದುಂಡು ತುದಿಯ ಗರಿಗೆ ಅಂಡಾಶಯದ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಕಾರಣ. ಅಂಡಾಶಯ ಕೆಲಸ ನಿಲ್ಲಿಸಿದರೆ ಹ್ಯಾಟೆಗೂ ಮುಂದಿನ ಸಲ ಗರಿ ಉದುರಿ ಬರುವಾಗ ಹುಂಜದ ಥರದ ಗರಿ ಬರುತ್ತದೆ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಷ್ಟು ತಿಳಿದರೆ ಕಾಯುವುದು ಯಾಕೆ ಎಂಬುದೂ ತಿಳಿಯುತ್ತದೆ. ಈ ಹಾರ್ಮೋನುಗಳು ಜೋರು ಹಿಡಿದು, ಅವುಗಳ ಕೆಲಸ ಹೊರಗೆ ಕಾಣುವ ತನಕ ನಾವು ನೋಡುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ.

ಮೊಟ್ಟೆಯ ಆಕಾರ, ತೂಗುವ ದಾರ, ಎತ್ತಿದ ಕಾಲು

ಚೂಪು ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹ್ಯಾಟೆ. ಇದನ್ನು ಕೇಳದವರು ಕಡಿಮೆ. ನಂಬಿಕೆ ಬಹಳ ಹಳೆಯದು. ಸುಮಾರು 2000 ವರ್ಷದ ಹಿಂದೆ ರೋಮಿನ ಕೃಷಿ ಬರಹಗಾರ ಕೊಲುಮೆಲ್ಲಾ ಇದನ್ನೇ ಬರೆದಿದ್ದಾನೆ. ಅವನಿಗಿಂತ ಹಿಂದಿನ ಅರಿಸ್ಟಾಟಲ್ ಬರಹದಲ್ಲಿ ಸರಿಯಾಗಿ ಉಲ್ಟಾ ಇದೆ. ಅಲ್ಲಿ ಉದ್ದನೆಯ ಚೂಪು ಮೊಟ್ಟೆ ಹೆಣ್ಣಿನದು. ಅಂಥ ದೊಡ್ಡವರ ಮಾತೇ ಹೀಗೆ ಎದುರುಬದುರಾಗಿದೆ. ಮೊಟ್ಟೆಯ ಆಕಾರ ಬರುವುದು ಆ ಹ್ಯಾಟೆಯ ಮೊಟ್ಟೆನಾಳದಿಂದ. ಚೂಪು ಮೊಟ್ಟೆ ಇಡುವ ಕೋಳಿ ವರ್ಷವೆಲ್ಲ ಬಹುತೇಕ ಚೂಪು ಮೊಟ್ಟೆಯನ್ನೇ ಇಡುತ್ತದೆ. ಅದಕ್ಕೆ ಬರೀ ಹುಂಜಗಳೇ ಹುಟ್ಟುತ್ತವಾ? ಇಲ್ಲವಲ್ಲ.

ಮರಿಯ ಮೇಲೆ ಸೂಜಿ ದಾರ ಹಿಡಿದು, ಸುತ್ತು ಹೊಡೆದರೆ ಹೆಣ್ಣು, ಅತ್ತಿಂದಿತ್ತ ತೂಗಿದರೆ ಗಂಡು ಎನ್ನುವುದು ಇನ್ನೊಂದು. ಕತ್ತಿನ ಹಿಂದೆ ಹಿಡಿದು ಎತ್ತಿದಾಗ ಕಾಲು ಇಳಿಬಿಟ್ಟರೆ ಗಂಡು, ಮಡಚಿಕೊಂಡರೆ ಹೆಣ್ಣು ಎನ್ನುವುದು ಮತ್ತೊಂದು. ಇವನ್ನು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಎಷ್ಟೋ ಸಲ ಸರಿಯಾಗಿಯೇ ಬಂದಿರುತ್ತದೆ. ಯಾಕೆಂದರೆ ಇಲ್ಲಿ ಇರುವುದೇ ಎರಡು ಉತ್ತರ. ಕಣ್ಣು ಮುಚ್ಚಿ ಹೇಳಿದರೂ ಅರ್ಧ ಸರಿಯಾಗುತ್ತದೆ. ಹತ್ತು ಮರಿ ಇಟ್ಟುಕೊಂಡು ಸುಮ್ನೆ ಊಹೆ ಮಾಡಿದರೆ, ಏಳೋ ಅದಕ್ಕಿಂತ ಜಾಸ್ತಿಯೋ ಸರಿ ಬರುವ ಸಾಧ್ಯತೆ ಆರರಲ್ಲಿ ಒಂದರಷ್ಟಿದೆ. ಊರಲ್ಲಿ ಆರು ಮನೆಯವರು ದಾರ ತೂಗಿದರೆ ಒಬ್ಬರಿಗಾದರೂ ಹತ್ತಕ್ಕೆ ಏಳು ಬಂದೀತು. ಆ ಒಬ್ಬರ ಮಾತು ಊರೆಲ್ಲ ಹರಡುತ್ತದೆ. ಉಳಿದವರು ಸುಮ್ಮನಾಗುತ್ತಾರೆ.

ಇದೇ ಲೆಕ್ಕ ಇನ್ನೊಂದು ದೂರಿಗೂ ಉತ್ತರ ಕೊಡುತ್ತದೆ. "ನಮ್ಮ ಕೋಳಿಗೆ ಯಾವಾಗಲೂ ಹುಂಜವೇ ಜಾಸ್ತಿ" ಎನ್ನುವವರು ಬಹಳ. ಹತ್ತು ಮರಿಯಲ್ಲಿ ಸರಿಯಾಗಿ ಐದು ಐದು ಬರುವುದು ನಾಲ್ಕು ಸಲದಲ್ಲಿ ಒಂದು ಸಲ ಅಷ್ಟೇ. ಏಳಕ್ಕೆ ಮೂರು, ಇಲ್ಲವೇ ಅದಕ್ಕಿಂತಲೂ ಒಂದೇ ಕಡೆ ವಾಲಿದ ಗುಂಪು ಮೂರು ಸಲದಲ್ಲಿ ಒಂದು ಸಲ ಬರುತ್ತದೆ. ಅದರಲ್ಲಿ ಕೋಳಿಯ ತಪ್ಪೂ ಇಲ್ಲ, ಇನ್‌ಕ್ಯುಬೇಟರಿನ ತಪ್ಪೂ ಇಲ್ಲ.

ಹ್ಯಾಚರಿಯಲ್ಲಿ ಮೊದಲ ದಿನವೇ ಹೇಗೆ ಗೊತ್ತಾಗುತ್ತದೆ

ಹ್ಯಾಚರಿಗಳಲ್ಲಿ ಮೂರು ದಾರಿಗಳಿವೆ. ಮೂರೂ ನಿಜವಾದವು.

ಮೊದಲನೆಯದು ಮರಿಯ ಮಲದ್ವಾರವನ್ನು ಮೆಲ್ಲಗೆ ಬಿಡಿಸಿ ಒಳಗೆ ನೋಡುವುದು. ಗಂಡು ಮರಿಯಲ್ಲಿ ಅಲ್ಲಿ ಸಾಸಿವೆಗಿಂತ ಚಿಕ್ಕದಾದ, ಉಬ್ಬಿದ ಒಂದು ಗುಬುಟು ಇರುತ್ತದೆ. ಹೆಣ್ಣಿನಲ್ಲಿ ಅದು ಚಪ್ಪಟೆ, ಅಥವಾ ಇರುವುದೇ ಇಲ್ಲ. ಜಪಾನಿನ ಕಿಯೋಶಿ ಮಸೂಯಿ ಮತ್ತು ಅವರ ಜೊತೆಗಾರರು 1920ರ ದಶಕದಲ್ಲಿ ಇದನ್ನು ಕಂಡುಹಿಡಿದರು. ಆಮೇಲೆ ಇದನ್ನು ಕಲಿಸುವ ಶಾಲೆಗಳೇ ಜಪಾನಿನಲ್ಲಿ ಹುಟ್ಟಿಕೊಂಡವು. ಅಲ್ಲಿ ಕಲಿತವರು ಅಮೆರಿಕ, ಯುರೋಪಿನ ಹ್ಯಾಚರಿಗಳಿಗೆಲ್ಲ ಹೋದರು. ಪಳಗಿದವರು ಗಂಟೆಗೆ ಸಾವಿರದಷ್ಟು ಮರಿ ನೋಡುತ್ತಾರೆ. ನೂರಕ್ಕೆ ತಪ್ಪುವುದು ಒಂದೆರಡು.

ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ ಬಿಡಿಸಿ ಹೇಳುವುದು ಅವರಿಗೂ ಕಷ್ಟ. 1987ರಲ್ಲಿ ಅಮೆರಿಕದ ಇಬ್ಬರು ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಈ ಕೆಲಸದ ಗಂಧವೇ ಇಲ್ಲದವರಿಗೆ ಮರಿಗಳ ಆ ಜಾಗದ ಫೋಟೋ ತೋರಿಸಿ ಗಂಡೋ ಹೆಣ್ಣೋ ಎಂದು ಕೇಳಿದರು. ಸುಮಾರು 60ರಷ್ಟು ಶೇಕಡಾ ಸರಿ ಬಂತು. ಎಲ್ಲಿ ನೋಡಬೇಕು, ಉಬ್ಬಿದೆಯೋ ಚಪ್ಪಟೆಯೋ ಹೇಗೆ ತಿಳಿಯಬೇಕು ಎಂದು ಒಂದು ಪುಟದಷ್ಟು ಓದಿಸಿ ಮತ್ತೆ ತೋರಿಸಿದರು. ಈಗ 84ರಷ್ಟು ಶೇಕಡಾ ಸರಿ.

ಹಾಗಂತ ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ. ಇದು ನನ್ನ ಕಳಕಳಿಯ ಮಾತು. ಫೋಟೋ ನೋಡುವುದು ಬೇರೆ, ಉಸಿರಾಡುವ ಮರಿಯನ್ನು ಹಿಸುಕುವುದು ಬೇರೆ. ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಉಳಿದ ಹಳದಿಯ ಚೀಲ ಇರುತ್ತದೆ. ಮೊದಲ ಎರಡು ಮೂರು ದಿನ ಅದೇ ಅದಕ್ಕೆ ಊಟ. ಬೆರಳಿನ ಒತ್ತಡ ಕೊಂಚ ಹೆಚ್ಚಾದರೆ ಆ ಚೀಲ ಒಡೆದು ಮರಿ ಸಾಯುತ್ತದೆ. ಅದೂ ಅಲ್ಲದೆ ಈ ಗುರುತು ಚೆನ್ನಾಗಿ ಕಾಣುವುದು ಮೊದಲ ಒಂದು ದಿನ, ಒಂದೂವರೆ ದಿನ ಮಾತ್ರ. ವಾರದ ಮರಿಯ ಮೇಲೆ ಯಾರಾದರೂ ಇದನ್ನು ಮಾಡಲು ಬಂದರೆ ಬೇಡ ಎನ್ನಿ.

ಎರಡನೆಯದು ರೆಕ್ಕೆಯ ಗರಿ. ಮೊಬೈಲಿನಲ್ಲಿ ಎಲ್ಲರೂ ನೋಡುವುದು ಇದನ್ನೇ. ಮರಿಯ ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸುತ್ತಾರೆ. ಒಂದು ಉದ್ದ ಒಂದು ಗಿಡ್ಡ ಗರಿ ಬಂದಿದ್ದರೆ ಹೆಣ್ಣು. ಎರಡೂ ಸಾಲು ಒಂದೇ ಉದ್ದವಿದ್ದರೆ ಗಂಡು. ಇದು ಕೆಲಸ ಮಾಡುತ್ತದೆ, ಆದರೆ ಅದಕ್ಕಾಗಿಯೇ ಕೂಡಿಸಿದ ತಳಿಯಲ್ಲಿ ಮಾತ್ರ.

ಗರಿಯನ್ನು ತಡವಾಗಿ ಬೆಳೆಸುವ ಒಂದು ಜೀನ್ ಇದೆ. ಅದು ಕೂತಿರುವುದು ಝಡ್ ಕ್ರೋಮೋಸೋಮಿನಲ್ಲಿ. ಹ್ಯಾಟೆಯ ಹತ್ತಿರ ಇರುವುದು ಒಂದೇ ಝಡ್. ಅದನ್ನು ಅವಳು ಗಂಡು ಮರಿಗೇ ಕೊಡುತ್ತಾಳೆ, ಹೆಣ್ಣು ಮರಿಗೆ ಕೊಡುವುದು ಡಬ್ಲ್ಯೂ. ಈಗ ತಡವಾಗಿ ಗರಿ ಬರುವ ಹ್ಯಾಟೆಯನ್ನು, ಬೇಗ ಗರಿ ಬರುವ ಹುಂಜದ ಜೊತೆ ಬಿಟ್ಟರೆ ಏನಾಗುತ್ತದೆ? ಗಂಡು ಮರಿಗಳಿಗೆಲ್ಲ ತಾಯಿಯ ಗುಣ ಬಂದು ಗರಿ ತಡ. ಹೆಣ್ಣು ಮರಿಗಳಿಗೆ ಝಡ್ ಸಿಗುವುದು ತಂದೆಯಿಂದ ಮಾತ್ರ, ಹಾಗಾಗಿ ಗರಿ ಬೇಗ. ಕಂಪನಿಗಳು ತಾಯಿ ಸಾಲು, ತಂದೆ ಸಾಲು ಎರಡನ್ನೂ ಬೇರೆ ಬೇರೆ ಕಾಪಾಡಿಕೊಂಡು ಈ ಮರಿಗಳನ್ನು ಹುಟ್ಟಿಸುತ್ತವೆ.

ನಮ್ಮ ಹಿತ್ತಲಿನಲ್ಲಿ ಈ ಲೆಕ್ಕ ಇಲ್ಲ. ಕೋಳಿಗೆ ಮೂಲದಿಂದ ಬಂದದ್ದು ಗರಿ ಬೇಗ ಬೆಳೆಯುವ ಗುಣ. ಅಪ್ಪ ಅಮ್ಮ ಇಬ್ಬರಿಗೂ ಅದೇ ಇದ್ದರೆ ಹುಂಜ ಮರಿಗೂ ಹ್ಯಾಟೆ ಮರಿಗೂ ಉದ್ದ ಗಿಡ್ಡ ಗರಿಯೇ ಕಾಣುತ್ತದೆ. ವಿಡಿಯೋ ನೋಡಿದವರು "ಎಲ್ಲಾ ಹೆಣ್ಣೇ!" ಎಂದು ಖುಷಿಪಡುತ್ತಾರೆ. ಎರಡು ತಿಂಗಳಾದ ಮೇಲೆ ಅರ್ಧ ಮರಿಗಳು ಕೂಗತೊಡಗುತ್ತವೆ. ಇನ್ನೊಂದು ಮಾತು: ಆ ವಿಶೇಷ ತಳಿಯಲ್ಲೂ ಇದನ್ನು ನೋಡಬೇಕಾದ್ದು ಮೊದಲ ಎರಡು ದಿನದೊಳಗೆ. ಆಮೇಲೆ ಎರಡೂ ಸಾಲು ಬೆಳೆದು ಗುರುತು ಕೆಡುತ್ತದೆ.

ಮೂರನೆಯದು ಬಣ್ಣ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಕಾಳಿಗೆ ಬರ ಬಂದಿತ್ತು. ಮೊಟ್ಟೆ ಇಡದ ಗಂಡು ಮರಿಗಳಿಗೆ ಕಾಳು ಹಾಕುವುದು ನಷ್ಟ. ಆಗ ಕೇಂಬ್ರಿಡ್ಜಿನ ರೆಜಿನಾಲ್ಡ್ ಪನ್ನೆಟ್ ಒಂದು ದಾರಿ ತೋರಿಸಿದರು. ಬಣ್ಣದ ಕೆಲವು ಜೀನುಗಳೂ ಝಡ್‌ನಲ್ಲೇ ಇವೆ, ಸರಿಯಾದ ಜೋಡಿ ಕೂಡಿಸಿದರೆ ಮರಿಯ ತುಪ್ಪುಳದ ಬಣ್ಣದಲ್ಲೇ ಗಂಡು ಹೆಣ್ಣು ತಿಳಿಯುತ್ತದೆ ಎಂದರು. ಹೈಸ್ಕೂಲಿನಲ್ಲಿ ಬಟಾಣಿ ಗಿಡದ ಲೆಕ್ಕಕ್ಕೆ ನಾವು ಬರೆಯುವ ಚೌಕದ ಪಟ್ಟಿ ಇದೇ ಪನ್ನೆಟ್ ಅವರದು. ಕೆಂಪು ಬಣ್ಣದ ರೋಡ್ ಐಲೆಂಡ್ ರೆಡ್ ಹುಂಜವನ್ನು, ಬೆಳ್ಳಿ ಬಣ್ಣದ ಜೀನ್ ಇರುವ ಲೈಟ್ ಸಸೆಕ್ಸ್ ಹ್ಯಾಟೆಗೆ ಕೂಡಿಸಿದರೆ ಹೆಣ್ಣು ಮರಿಗಳು ಕೆಂಚಗೆ, ಗಂಡು ಮರಿಗಳು ತಿಳಿ ಹಳದಿ. ಕಂದು ಮೊಟ್ಟೆ ಇಡುವ ಇವತ್ತಿನ ಎಷ್ಟೋ ವಾಣಿಜ್ಯ ತಳಿಗಳು ಇದೇ ಉಪಾಯದ ಮೇಲೆ ನಿಂತಿವೆ.

ಈ ಬಣ್ಣದ ಉಪಾಯದಲ್ಲಿ ಒಂದನ್ನು ಮಾತ್ರ ಹಿತ್ತಲಲ್ಲೂ ಮಾಡಬಹುದು. ನಿಮ್ಮಲ್ಲಿ ಮೈತುಂಬ ಕಪ್ಪು ಬಿಳಿ ಅಡ್ಡಪಟ್ಟೆ ಇರುವ ಹ್ಯಾಟೆ ಇದೆ ಅಂದುಕೊಳ್ಳಿ. ಅದಕ್ಕೆ ಪಟ್ಟೆಯಿಲ್ಲದ ಅಚ್ಚ ಕಪ್ಪು ಹುಂಜವೇ ಕೂಡಿದ್ದರೆ, ಹುಟ್ಟುವ ಕಪ್ಪು ಮರಿಗಳಲ್ಲಿ ನೆತ್ತಿಯ ಮೇಲೆ ಬಿಳಿ ಮಚ್ಚೆ ಇರುವುದು ಹುಂಜ, ನೆತ್ತಿ ಪೂರ್ತಿ ಕಪ್ಪಿರುವುದು ಹ್ಯಾಟೆ. ಹುಂಜವೇ ಪಟ್ಟೆಯದಾದರೆ ಈ ಗುರುತು ಕೆಲಸಕ್ಕೆ ಬರುವುದಿಲ್ಲ. ಬೀದಿಯ ನಾಲ್ಕು ಹುಂಜ ಬಂದು ಹೋಗುವ ಹಿತ್ತಲಾದರೂ ಅಷ್ಟೇ. ಹುಂಜ ಬದಲಿಸಿದರೂ ಹಳೆಯ ಹುಂಜದ ಬೀಜ ಹ್ಯಾಟೆಯ ಹೊಟ್ಟೆಯಲ್ಲಿ ಎರಡು ಮೂರು ವಾರ ಉಳಿದಿರುತ್ತದೆ. ಅಷ್ಟು ದಿನ ಕಳೆದ ಮೇಲಿನ ಮೊಟ್ಟೆಯನ್ನೇ ಕಾವಿಗೆ ಇಡಬೇಕು. ಆ ಮರಿಗಳು ದೊಡ್ಡವಾಗಿ ತಮ್ಮತಮ್ಮಲ್ಲೇ ಕೂಡಿದರೆ ಮುಂದಿನ ತಲೆಮಾರಿನಲ್ಲಿ ಗುರುತು ಕಲಸಿಹೋಗುತ್ತದೆ.

ಹ್ಯಾಚರಿಯ ಮಾತು ಬಂತು, ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಮೊಟ್ಟೆ ಕೋಳಿಯ ತಳಿಗಳಲ್ಲಿ ಗಂಡು ಮರಿ ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಬೇಗ ಬೆಳೆಯುವುದಿಲ್ಲ. ಪ್ರಪಂಚದಲ್ಲಿ ವರ್ಷಕ್ಕೆ ಅಂದಾಜು 700 ಕೋಟಿ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಜರ್ಮನಿ 2022ರ ಜನವರಿ 1ರಿಂದ ಇದನ್ನು ನಿಷೇಧಿಸಿದೆ. ಅಲ್ಲಿ ಈಗ ಮೊಟ್ಟೆಯೊಳಗೇ ಗಂಡು ಹೆಣ್ಣು ನೋಡುವ ಯಂತ್ರಗಳು ಬಂದಿವೆ. ನಮ್ಮ ಜಾತ್ರೆಗಳಲ್ಲಿ, ಸಂತೆಗಳಲ್ಲಿ ಗುಲಾಬಿ, ಹಸಿರು, ನೇರಳೆ ಬಣ್ಣ ಹಚ್ಚಿ ಮಾರುವ ಮರಿಗಳನ್ನು ನೋಡಿದ್ದೀರಲ್ಲ, ಅವುಗಳಲ್ಲಿ ಬಹುಪಾಲು ಹೀಗೆ ಹ್ಯಾಚರಿಗೆ ಬೇಡವಾದ ಗಂಡು ಮರಿಗಳೇ. ಮಕ್ಕಳು ಹಟ ಮಾಡಿದರೆಂದು ಕೊಂಡು, ಮುಂದೆ ಮೊಟ್ಟೆ ಇಡುತ್ತದೆ ಎಂದು ಕಾಯುವವರಿಗೆ ಇದು ತಿಳಿದಿರಲಿ. ಸಣ್ಣ ಮರಿಗೆ ಬೇಕಾದ ಶಾಖ ಕೊಡಲು ಆಗುವುದಿಲ್ಲವಾದರೆ ದಯವಿಟ್ಟು ಕೊಳ್ಳಲೇಬೇಡಿ.

ಹಿತ್ತಲಲ್ಲಿ ನೋಡಬೇಕಾದ್ದು

ಈಗ ನಮ್ಮ ಕೆಲಸಕ್ಕೆ ಬರೋಣ. ಎಲ್ಲಕ್ಕಿಂತ ಮೊದಲ ನಿಯಮ: ಒಂದೇ ವಯಸ್ಸಿನ, ಒಂದೇ ತಳಿಯ ಮರಿಗಳನ್ನು ಒಂದಕ್ಕೊಂದು ಹೋಲಿಸಿ ನೋಡಿ. ಒಂಟಿ ಮರಿಯನ್ನು ಕೈಯಲ್ಲಿ ಹಿಡಿದು "ಇದರ ಜುಟ್ಟು ದೊಡ್ಡದಾ?" ಎಂದು ಕೇಳಿದರೆ ಅನುಭವಿಗಳೂ ತಡವರಿಸುತ್ತಾರೆ. ಯಾವುದಕ್ಕಿಂತ ದೊಡ್ಡದು ಎಂಬುದು ಮುಖ್ಯ.

ನಾಲ್ಕನೇ ವಾರದಿಂದ ಜುಟ್ಟಿನ ಮೇಲೆ ಕಣ್ಣಿಡಿ. ಆಗ ಎಲ್ಲ ಮರಿಗಳ ಜುಟ್ಟೂ ಚಿಕ್ಕದು, ತಿಳಿ ಹಳದಿ. ಐದು, ಆರನೇ ವಾರಕ್ಕೆ ಕೆಲವು ಮರಿಗಳ ಜುಟ್ಟು ದಪ್ಪಗಾಗಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕೆಂಪಾಗುತ್ತದೆ. ಗದ್ದದ ಕೆಳಗೆ ಜೋಲು ಮೊಳಕೆಯೊಡೆಯುತ್ತದೆ. ಇವು ಹುಂಜ ಆಗುವ ಸಾಧ್ಯತೆ ಹೆಚ್ಚು. ಹ್ಯಾಟೆಯ ಜುಟ್ಟು ಬಹಳ ಕಾಲ ಚಿಕ್ಕದಾಗಿಯೇ ಇದ್ದು, ಮೊದಲ ಮೊಟ್ಟೆ ಇಡುವ ದಿನ ಹತ್ತಿರ ಬಂದಾಗ ಕೆಂಪಾಗುತ್ತದೆ. ನಾಟಿ ಕೋಳಿಯಲ್ಲಿ ಅದು ಆರು ತಿಂಗಳ ಆಸುಪಾಸು. ಹಾಗಾಗಿ ಎಂಟು ವಾರಕ್ಕೇ ಮುಖ ಜುಟ್ಟು ಎರಡೂ ಕೆಂಪಾದ ಮರಿ ಬಹುಮಟ್ಟಿಗೆ ಹುಂಜವೇ.

ಇದೇ ಹೊತ್ತಿಗೆ ಗರಿ ಹೊದ್ದ ರೀತಿ ನೋಡಿ. ಹ್ಯಾಟೆ ಮರಿಗೆ ಬೆನ್ನು ತುಂಬ ಸಮನಾಗಿ ಗರಿ ಬರುತ್ತದೆ, ಪುಟ್ಟ ಬಾಲ ಬೇಗ ಮೂಡುತ್ತದೆ. ಹುಂಜ ಮರಿ ಈ ವಯಸ್ಸಿನಲ್ಲಿ ಅಂದಗೇಡಿ. ಭುಜದ ಹತ್ತಿರ, ಬೆನ್ನಿನ ಮೇಲೆ ಬೋಳು ಜಾಗ, ಬಾಲ ಮೊಂಡು. ಗಿರಿರಾಜದಂಥ ತೂಕದ ತಳಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿದ ಈ ತಳಿಯ ಮರಿಗಳು ಸಾಮಾನ್ಯವಾಗಿ ಗಂಡು ಹೆಣ್ಣು ವಿಂಗಡಿಸದೆ ಸಿಗುತ್ತವೆ. ಹಾಗಾಗಿ ತಂದವರೆಲ್ಲ ಈ ಗುರುತನ್ನು ಕಲಿತಿದ್ದರೆ ಒಳ್ಳೆಯದು. ಕಾಲನ್ನೂ ನೋಡಿ. ಹುಂಜದ ಕಾಲು ದಪ್ಪ, ಪಾದ ಅಗಲ, ನಿಲ್ಲುವಾಗ ಎದೆ ಎತ್ತಿ ನಿಲ್ಲುತ್ತದೆ.

ನಾಟಿ ಕೋಳಿ ಸಾಕುವವರಿಗೆ ನಾನು ಬಹಳ ಮೆಚ್ಚುವ ಗುರುತು ಒಂದಿದೆ. ಅದು ಎದೆಯ ಗರಿಯ ಬಣ್ಣ. ಹುಟ್ಟಿದಾಗ ಬೆನ್ನ ಮೇಲೆ ಕಂದು ಪಟ್ಟೆ ಇದ್ದ, ಕಾಡುಕೋಳಿ ಬಣ್ಣದ ಮರಿಗಳು ನಮ್ಮಲ್ಲಿ ಸಾಕಷ್ಟು. ಈ ಮರಿಗಳಿಗೆ ಆರೇಳು ವಾರಕ್ಕೆ ಎದೆಯ ಮೇಲೆ ಹೊಸ ಗರಿ ಬರುತ್ತದೆ. ಅದು ಕಪ್ಪಾಗಿದ್ದರೆ ಹುಂಜ. ತಿಳಿ ಕೆಂಚು, ಗೋಧಿ ಬಣ್ಣವಾದರೆ ಹ್ಯಾಟೆ. ದೊಡ್ಡ ಹುಂಜದ ಕಪ್ಪು ಎದೆ, ಕೆಂಪು ಬೆನ್ನು ಎಲ್ಲರೂ ಕಂಡದ್ದೇ. ಅದರ ಮೊದಲ ಸುಳಿವು ಇಲ್ಲಿ ಸಿಗುತ್ತದೆ. ಆಮೇಲೆ ಹುಂಜದ ಭುಜದ ಮೇಲೆ ಗಾಢ ಕೆಂಪು ಗರಿ ತೇಪೆತೇಪೆಯಾಗಿ ಮೂಡುತ್ತದೆ. ಹ್ಯಾಟೆಯಲ್ಲಿ ಬಣ್ಣ ಹೀಗೆ ತೇಪೆಯಾಗಿ ಒಡೆಯುವುದಿಲ್ಲ. ಅಚ್ಚ ಕಪ್ಪು, ಅಚ್ಚ ಬಿಳಿ ಕೋಳಿಗಳಿಗೆ ಈ ಗುರುತು ಅನ್ವಯಿಸದು.

ಕೊನೆಯ ಮಾತು ಹೇಳುವುದು ಸೊಂಟದ ಗರಿ. ಬಾಲ ಶುರುವಾಗುವ ಮೊದಲು ಬೆನ್ನಿನ ಎರಡೂ ಬದಿಯಲ್ಲಿ ನೋಡಬೇಕು. ಮೂರು ತಿಂಗಳ ಹೊತ್ತಿಗೆ ಹುಂಜಕ್ಕೆ ಅಲ್ಲಿ ಸಣ್ಣನೆಯ, ಉದ್ದನೆಯ, ಚೂಪು ತುದಿಯ ಮಿರುಗುವ ಗರಿಗಳು ಬರುತ್ತವೆ. ಕತ್ತಿನಲ್ಲೂ ಹಾಗೆಯೇ. ಹ್ಯಾಟೆಯ ಗರಿ ಅಲ್ಲೆಲ್ಲ ಅಗಲ, ತುದಿ ದುಂಡು. ಈಸ್ಟ್ರೋಜನ್ ವಿಷಯ ಹೇಳಿದೆನಲ್ಲ, ಅದರ ಫಲವೇ ಇದು. ಚೂಪು ಗರಿಯ ಒಂದೇ ಒಂದು ಸಾಲು ಕಂಡರೂ ಸಾಕು, ಅದು ಹುಂಜ. ಜುಟ್ಟಿನ ವಿಷಯದಲ್ಲಿ ವಾದ ನಡೆಯುತ್ತಿದ್ದರೆ ಇಲ್ಲಿಗೆ ಮುಗಿಯುತ್ತದೆ.

ತಳಿಯಿಂದ ತಳಿಗೆ ಮಾತ್ರ ಲೆಕ್ಕ ಬದಲಾಗುತ್ತದೆ. ಮಧ್ಯಪ್ರದೇಶದ ಝಾಬುವಾ ಕಡೆಯ ಕಡಕ್‌ನಾಥ್ ಈಗ ನಮ್ಮ ಊರುಗಳಲ್ಲೂ ಬಹಳ. ಅದರ ಚರ್ಮ, ಜುಟ್ಟು ಎಲ್ಲ ಕಪ್ಪು ಛಾಯೆಯವು. ಅಲ್ಲಿ ಜುಟ್ಟು ಕೆಂಪಾಗಲಿ ಎಂದು ಕಾಯುತ್ತಾ ಕೂರುವಂತಿಲ್ಲ, ಗಾತ್ರ ನೋಡಬೇಕು. ಅಸೀಲ್ ರಕ್ತ ಇರುವ ಕೋಳಿಗಳ ಜುಟ್ಟು ತಲೆಗೆ ಅಂಟಿಕೊಂಡ ಮೂರು ಸಣ್ಣ ಸಾಲು. ಹುಂಜದಲ್ಲೂ ಅದು ಚಿಕ್ಕದೇ. ಅಲ್ಲಿ ನಡುಸಾಲು ಎಷ್ಟು ಅಗಲ, ಎಷ್ಟು ಬೇಗ ಕೆಂಪಾಯಿತು ಎಂದು ನೋಡುತ್ತಾರೆ. ಆದರೂ ಮೂರು ತಿಂಗಳ ತನಕ ಅನುಮಾನ ಉಳಿಯುತ್ತದೆ. ಬೋಳು ಕತ್ತಿನ ಕೋಳಿಗೆ ಕತ್ತಿನ ಗರಿಯ ಪರೀಕ್ಷೆಯೇ ಇಲ್ಲ, ಸೊಂಟದ ಗರಿಯೇ ಗತಿ.

ದಾರಿ ತಪ್ಪಿಸುವ ಗುರುತುಗಳು

ಮೊದಲನೆಯದು ಜಗಳ. ಮೂರು ವಾರದ ಮರಿಗಳು ಎದುರುಬದುರು ನಿಂತು ಎದೆ ಕೊಟ್ಟು ಹಾರುತ್ತವೆ. ಹ್ಯಾಟೆ ಮರಿಗಳೂ ಹಾಗೆ ಮಾಡುತ್ತವೆ. ಗುಂಪಿನಲ್ಲಿ ಯಾರು ಮೇಲು ಎಂದು ತೀರ್ಮಾನವಾಗುವುದು ಹೀಗೆಯೇ. ಕಾಲಿನ ಹಿಂಬದಿಯ ಮುಳ್ಳೂ ಅಷ್ಟೇ. ಮರಿಯಲ್ಲಿ ಅದರ ಗುಬುಟು ಇಬ್ಬರಿಗೂ ಇರುತ್ತದೆ. ವಯಸ್ಸಾದ ಕೆಲವು ಹ್ಯಾಟೆಗಳಿಗೆ ಉದ್ದನೆಯ ಮುಳ್ಳೇ ಬೆಳೆದಿರುತ್ತದೆ.

ಕಾಯಿಲೆ ಬಿದ್ದ ಹುಂಜ ಮರಿ ಹ್ಯಾಟೆಯಂತೆ ಕಾಣುತ್ತದೆ. ಜಂತುಹುಳು ಜಾಸ್ತಿಯಾಗಿದ್ದರೆ, ಸರಿಯಾಗಿ ಮೇವು ಸಿಗದಿದ್ದರೆ, ಯಾವುದಾದರೂ ರೋಗದಿಂದ ಈಗಷ್ಟೇ ಚೇತರಿಸಿಕೊಂಡಿದ್ದರೆ ಜುಟ್ಟು ಬೆಳೆಯದೆ ಬಿಳಿಚಿಕೊಂಡಿರುತ್ತದೆ. ಗುಂಪಿನಲ್ಲಿ ಗಟ್ಟಿ ಹುಂಜವೊಂದು ಇದ್ದರೆ ಅದಕ್ಕೆ ಹೆದರಿ ಬದುಕುವ ಎಳೆ ಹುಂಜಗಳೂ ತಡವಾಗಿ ಕೂಗುತ್ತವೆ. ಜುಟ್ಟು ನೋಡುವ ಮುಂಚೆ ಮರಿ ಆರೋಗ್ಯವಾಗಿದೆಯಾ ನೋಡಿ.

ಕೂಗಿನ ವಿಷಯ. ಎಳೆ ಹುಂಜ ಸಾಮಾನ್ಯವಾಗಿ ಎರಡರಿಂದ ನಾಲ್ಕು ತಿಂಗಳೊಳಗೆ ಕೂಗಲು ಶುರುಮಾಡುತ್ತದೆ. ಮೊದಮೊದಲು ಗಂಟಲು ಕಟ್ಟಿದಂಥ ಅರ್ಧ ಕೂಗು. ಆದರೆ ಅಪರೂಪಕ್ಕೆ ಹ್ಯಾಟೆಯೂ ಕೂಗುತ್ತದೆ. ಗುಂಪಿನಲ್ಲಿ ಹುಂಜವೇ ಇಲ್ಲದಿದ್ದಾಗ ಮುಂದಾಳಾದ ಹ್ಯಾಟೆ ಕೂಗುವುದುಂಟು. ಇನ್ನು ಕೆಲವಕ್ಕೆ ಅಂಡಾಶಯ ಕೆಟ್ಟಿರುತ್ತದೆ. ಕೋಳಿಗೆ ಕೆಲಸ ಮಾಡುವುದು ಎಡಗಡೆಯ ಅಂಡಾಶಯ ಒಂದೇ. ಅದಕ್ಕೆ ಗೆಡ್ಡೆಯೋ ಸೋಂಕೋ ಬಂದರೆ ಈಸ್ಟ್ರೋಜನ್ ಇಳಿಯುತ್ತದೆ, ಜುಟ್ಟು ಬೆಳೆಯುತ್ತದೆ, ಹುಂಜದ ಗರಿ ಮೂಡುತ್ತದೆ. ಹಿಂದಿನವರಿಗೆ ಇದು ಎಷ್ಟು ಭಯ ಹುಟ್ಟಿಸಿತ್ತೆಂದರೆ, 1474ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಮೊಟ್ಟೆ ಇಟ್ಟಿತೆಂದು ಒಂದು "ಹುಂಜ"ದ ವಿಚಾರಣೆ ನಡೆಸಿ ಸುಟ್ಟುಹಾಕಿದರು. ಹುಂಜದ ವೇಷ ಬಂದ ಹ್ಯಾಟೆಯೇ ಅದು ಎನ್ನುವುದು ಇಂದಿನ ಊಹೆ. ನಮ್ಮಲ್ಲೂ ಹ್ಯಾಟೆ ಕೂಗಿದರೆ ಅಪಶಕುನ ಎಂದು ಅವತ್ತೇ ಕೊಯ್ಯುವವರಿದ್ದಾರೆ. ಅದು ಶಕುನ ಹೇಳುತ್ತಿಲ್ಲ. ಒಂದೋ ಗುಂಪಿನ ಯಜಮಾನಿಕೆ ಮಾಡುತ್ತಿದೆ, ಇಲ್ಲಾ ಕಾಯಿಲೆ ಬಿದ್ದಿದೆ.

ಗುರುತು ಹಾಕಿ, ಬರೆದಿಡಿ

ನಿಮ್ಮ ಹಿತ್ತಲಿನ ಕೋಳಿಗಳಿಗೆ ಯಾವ ಗುರುತು ಸರಿ ಹೊಂದುತ್ತದೆ ಎಂದು ನೀವೇ ಕಂಡುಕೊಳ್ಳಬಹುದು. ಕಾಲಿಗೆ ಬಣ್ಣದ ಪ್ಲಾಸ್ಟಿಕ್ ಉಂಗುರ ಹಾಕಿ. ಕಾಲು ಬೇಗ ದಪ್ಪವಾಗುತ್ತದೆ, ವಾರಕ್ಕೊಮ್ಮೆ ಬಿಗಿ ನೋಡಿ ಬದಲಿಸಬೇಕು. ದಾರ ಕಟ್ಟಬೇಡಿ, ಮಾಂಸಕ್ಕೆ ಇಳಿಯುತ್ತದೆ. ನಾಲ್ಕು, ಆರು, ಎಂಟನೇ ವಾರಕ್ಕೆ ಪ್ರತಿ ಮರಿಯ ತಲೆಯ ಪಕ್ಕನೋಟ, ಎದೆ, ಬೆನ್ನಿನ ಫೋಟೋ ಮೊಬೈಲಿನಲ್ಲಿ ತೆಗೆಯಿರಿ. ನಿಮ್ಮ ಊಹೆಯನ್ನು ಅವತ್ತೇ ಬರೆದಿಡಿ. ಆಮೇಲೆ ನೆನಪಿನಿಂದ ಹೇಳಲು ಹೋದರೆ ಸರಿ ಬಂದದ್ದಷ್ಟೇ ನೆನಪಿರುತ್ತದೆ. ನಾಲ್ಕನೇ ತಿಂಗಳಿಗೆ ಲೆಕ್ಕ ನೋಡಿ. ಎರಡು ಮೂರು ಸಲದ ಮರಿಗಳಲ್ಲಿ ಇದನ್ನು ಮಾಡಿದವರಿಗೆ ತಮ್ಮ ಕೋಳಿಗಳ ಮಟ್ಟಿಗೆ ಯಾವ ವಿಡಿಯೋಗಿಂತಲೂ ಚೆನ್ನಾದ ಕಣ್ಣು ಬರುತ್ತದೆ.

ಮರಿ ಕೊಳ್ಳುವವರಿಗೂ ಒಂದು ಮಾತು. ಹ್ಯಾಟೆಗಳೇ ಬೇಕೆಂದಿದ್ದರೆ ಒಂದು ದಿನದ ನಾಟಿ ಮರಿಗೆ "ಗ್ಯಾರಂಟಿ ಹೆಣ್ಣು" ಎಂದು ಜಾಸ್ತಿ ದುಡ್ಡು ಕೊಡಬೇಡಿ. ಎರಡು ತಿಂಗಳ ಮರಿಗಳನ್ನು ಗುಂಪಾಗಿ ನೋಡಿ ಆರಿಸಿಕೊಳ್ಳಿ. ಬೆಲೆ ಹೆಚ್ಚಿದ್ದರೂ ಎಳೆ ಮರಿಗಳು ಸಾಯುವ ಅಪಾಯದ ದಿನಗಳು ಅಷ್ಟರಲ್ಲಿ ಕಳೆದಿರುತ್ತವೆ. ಮನೆಯಲ್ಲೇ ಮರಿ ಮಾಡಿಸಿದವರು ಎಂಟರಿಂದ ಹತ್ತು ಹ್ಯಾಟೆಗೆ ಒಂದು ಹುಂಜದ ಲೆಕ್ಕ ಇಟ್ಟುಕೊಳ್ಳಿ. ಉಳಿಸಿಕೊಳ್ಳುವ ಹುಂಜವನ್ನು ಎಂಟನೇ ವಾರಕ್ಕೇ ಆರಿಸಬೇಡಿ. ಎಲ್ಲಕ್ಕಿಂತ ಮೊದಲು ಜುಟ್ಟು ಕೆಂಪಾದದ್ದೇ ಒಳ್ಳೆಯ ಹುಂಜ ಆಗಬೇಕೆಂದಿಲ್ಲ. ನಾಲ್ಕನೇ ತಿಂಗಳ ತನಕ ಎರಡು ಮೂರನ್ನು ಬಿಟ್ಟು ನೋಡಿ. ಅದರಲ್ಲಿ ಮಕ್ಕಳ ಮೇಲೆ ಎರಗದ, ಕಾಲು ನೆಟ್ಟಗಿರುವ, ಕಾಳು ಕಂಡರೆ ಹ್ಯಾಟೆಗಳನ್ನು ಕರೆಯುವ ಒಂದನ್ನು ಇಟ್ಟುಕೊಳ್ಳಿ.